ಢಂ ಮೇಸ್ತ್ರಿಯ ಕಿವಿ ಮತ್ತು ಜೋಡಿ ಸ್ಪೀಕರ್

ಢಂ ಮೇಸ್ತ್ರಿಗೆ ಆ ಬಿರುದು ದಯಪಾಲಿಸಿದವರು ಪಕ್ಕದ ಅಂಗಡಿಯ ಟೈಲರ್. ಮೇಸ್ತ್ರಿ ಹಾಡಿನ ಕೆಳಗಿನ ಸ್ವರವನ್ನು, ಅಂದರೆ ಬೇಸನ್ನು, ಮೊಳಗಿಸುವ ತಮ್ಮ ಮೊಟ್ಟಮೊದಲ ಸಬ್‌ವೂಫರ್ ಪೆಟ್ಟಿಗೆಗೆ ಜೀವ ಕೊಟ್ಟ ದಿನ, ಗೋಡೆಯಾಚೆ ಟೈಲರ್ ಯಾರದೋ ಪ್ಯಾಂಟಿನ ಬಟ್ಟೆ ಹರಡಿಕೊಂಡು ಕತ್ತರಿ ಆಡಿಸುತ್ತಿದ್ದರು. ಪೆಟ್ಟಿಗೆ ಢಂ ಎಂದಿತು, ಟೈಲರ್ ಬೆಚ್ಚಿಬಿದ್ದರು, ಪ್ಯಾಂಟು ಚಡ್ಡಿಯಾಯಿತು. ಆ ಕೋಪ ಅವರಿಗಿನ್ನೂ ಪೂರ್ತಿ ಇಳಿದಿಲ್ಲ. ಆದರೂ ಹೊಸ ಪೆಟ್ಟಿಗೆಯ ಪರೀಕ್ಷೆ ಎಂದರೆ ಎಲ್ಲರಿಗಿಂತ ಮೊದಲು ಸ್ಟೂಲು ಹಿಡಿದು ಬಂದು ಕೂರುವವರು ಅವರೇ.

ಮೇಸ್ತ್ರಿಯ ಅಪ್ಪ ಕಪಾಟು, ಮಂಚ, ಬಾಗಿಲು ಮಾಡುತ್ತಿದ್ದ ಬಡಗಿ. ಮಗ ಅದೇ ಕೆಲಸ ಕಲಿತರೂ ಅವನಿಗೊಂದು ಚಾಳಿ ಇತ್ತು. ಮುಗಿದ ಕಪಾಟನ್ನು ಗೆಣ್ಣಿನಿಂದ ಕುಟ್ಟುವುದು, ಕಿವಿಯಿಟ್ಟು ಕೇಳುವುದು, ಇನ್ನೊಂದು ಕಡೆ ಕುಟ್ಟುವುದು. ‘ಅದರೊಳಗೆ ಬಟ್ಟೆ ಇಡ್ತಾರೆ ಕಣೋ, ಹಾಡು ಇಡಲ್ಲ!’ ಎಂದು ಅಪ್ಪ ಬೈಯುತ್ತಿದ್ದರು. ಮಗ ಆ ಬೈಗುಳವನ್ನು ಸಲಹೆಯೆಂದು ಸ್ವೀಕರಿಸಿ, ಮುಂದೆ ಹಾಡು ಇಡುವ ಪೆಟ್ಟಿಗೆಗಳನ್ನೇ ಮಾಡತೊಡಗಿದ.

ಆ ಅಪ್ಪನಿಗೆ ಐವತ್ತು ದಾಟುತ್ತಿದ್ದಂತೆ ಕಿವಿ ಹೋಯಿತು. ಎಲ್ಲ ಗರಗಸದ ಯಂತ್ರದ ಕೃಪೆ. ಕೊನೆಯ ವರ್ಷಗಳಲ್ಲಿ ಯಾರು ಏನೇ ಹೇಳಲಿ, ಮುದುಕನದು ಒಂದೇ ಮುಗುಳ್ನಗೆ. ನಗೆಚಾಟಿಕೆ ಹೇಳಿದರೂ ಅದೇ ನಗು, ಯಾರೋ ತೀರಿಕೊಂಡರು ಎಂದರೂ ಅದೇ ನಗು. ಮೇಸ್ತ್ರಿಗೆ ಅಪ್ಪನ ಉಳಿ ಸುತ್ತಿಗೆಗಳಿಗಿಂತ ಹೆಚ್ಚಾಗಿ ಆ ನಗುವೇ ನೆನಪಿನಲ್ಲಿತ್ತು. ಈಗ ಅವರಿಗೂ ಅಪ್ಪನ ಆ ವಯಸ್ಸೇ.

ಕಿವಿ ಹೋದರೆ ಮೇಸ್ತ್ರಿಯ ಪಾಲಿಗೆ ಉಳಿಯುವುದು ಬರೀ ಮರ. ಎರಡು ಸ್ಪೀಕರ್ ಕೂರುವ ಪೆಟ್ಟಿಗೆಗೆ ಎಷ್ಟು ಗಾಳಿ ಬೇಕು, ಹಲಗೆ ಎಷ್ಟು ದಪ್ಪ, ಒಳಗೆ ಅಡ್ಡಪಟ್ಟಿ ಎಲ್ಲಿ ಎಂಬುದಕ್ಕೆಲ್ಲ ಲೆಕ್ಕವಿದೆ. ಅದನ್ನು ಅವರು ಶ್ರದ್ಧೆಯಿಂದಲೇ ಮಾಡುತ್ತಿದ್ದರು. ಆದರೆ ಒಳಗಿರುವ ಆ ಗಾಳಿ ಸುಖವಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಕಿವಿ. ಗಾಳಿ ಹೊರಬರುವ ಕೊಳವೆಯನ್ನು ಬೆರಳಗಲ ಕತ್ತರಿಸಿ, ಕೇಳಿ, ಮತ್ತೆ ಕೂದಲೆಳೆಯಷ್ಟು ಉಜ್ಜಿ, ಮತ್ತೆ ಕೇಳಿ, ‘ಹ್ಞಾಂ, ಈಗ ಉಸಿರಾಡ್ತಿದೆ’ ಎಂದರೆ ಮುಗಿಯಿತು. ಅವರ ಕಿವಿಯ ಮುಂದೆ ಬೀದಿಯಲ್ಲಿ ಯಾರದೂ ಎರಡನೇ ಮಾತಿಲ್ಲ.

ಇಂಥ ಮೇಸ್ತ್ರಿಯ ಹತ್ತಿರ ಸ್ಕೇಟಿಂಗ್ ಯಜಮಾನಿ ಬಂದರು. ಚಕ್ರದ ಬೂಟು ತೊಟ್ಟು ಮಕ್ಕಳೂ ದೊಡ್ಡವರೂ ಸುತ್ತು ಹೊಡೆಯುವ ದೊಡ್ಡ ಶೆಡ್ಡೊಂದರ ಒಡತಿ; ಕುತ್ತಿಗೆಯಲ್ಲಿ ಸದಾ ಒಂದು ಸೀಟಿ.

‘ಮೇಸ್ತ್ರಿ, ಹಾಡು ಹಾಕಿದ್ರೆ ಮಕ್ಕಳು ತಾಳಕ್ಕೆ ಸರಿಯಾಗಿ ಕಾಲು ಹಾಕ್ಬೇಕು. ಈಗಿರೋ ಡಬ್ಬ ಹೊಟ್ಟೆಗೆ ಗುದ್ದುತ್ತೆ ಅಷ್ಟೇ. ತಾಳ ಯಾವುದು, ಗದ್ದಲ ಯಾವುದು ಗೊತ್ತಾಗಲ್ಲ. ಒಬ್ಬನ ಮೇಲೊಬ್ಬ ಬೀಳ್ತಾರೆ.’

ಮೇಸ್ತ್ರಿ ಬಹಳ ವರ್ಷಗಳಿಂದ ಮನಸ್ಸಿನಲ್ಲಿ ಮಂಡಿಗೆ ತಿನ್ನುತ್ತಿದ್ದ ಒಂದು ಪೆಟ್ಟಿಗೆಗೆ ಅಂದು ಮುಹೂರ್ತ ಬಂತು. ಅದರಲ್ಲಿ ಅಕ್ಕಪಕ್ಕ ಎರಡು ಸ್ಪೀಕರ್. ಒಂದು ಎಲ್ಲದರಂತೆ ಮುಖ ತೋರಿಸಿಕೊಂಡು ಕೂರುತ್ತದೆ; ಇನ್ನೊಂದು ತಿರುಗಿ, ಮ್ಯಾಗ್ನೆಟ್ ಹೊರಗೆ ಹಾಕಿ ಬೆನ್ನು ತೋರಿಸುತ್ತದೆ. ಸ್ಪೀಕರಿನಲ್ಲಿ ಅದುರಿ ಸದ್ದು ಹೊರಡಿಸುವ ಕಾಗದದ ಕೋನ್ ಮುಂದಕ್ಕೆ ಹೋದಷ್ಟು ನೇರವಾಗಿ ಹಿಂದಕ್ಕೆ ಬರುವುದಿಲ್ಲ, ಚೂರು ಸೊಟ್ಟ. ಒಂದನ್ನು ತಿರುಗಿಸಿ ಇಟ್ಟರೆ ಒಂದರ ಸೊಟ್ಟವನ್ನು ಇನ್ನೊಂದು ತಿದ್ದಿಕೊಂಡು ಹೋಗುತ್ತದೆ, ಸದ್ದು ಶುದ್ಧವಾಗುತ್ತದೆ.

‘ಅಂದ್ರೆ ಜಗಳ ಆಡಿದ ಗಂಡ-ಹೆಂಡತಿ ಮಲಗಿದ ಹಾಗೆ’ ಎಂದರು ಟೈಲರ್.

‘ಹಾಗೇ ಅನ್ಕೊಳ್ಳಿ. ಆದ್ರೆ ಕೆಲಸ ಮಾತ್ರ ಇಬ್ಬರೂ ಒಟ್ಟಿಗೆ ಮಾಡ್ತಾರೆ.’

‘ನಮ್ಮನೇಲಿ ಆಗಲ್ಲ ಬಿಡಿ.’

ಆ ತಿಂಗಳೆಲ್ಲ ಮೇಸ್ತ್ರಿ ಸಿಕ್ಕಸಿಕ್ಕವರಿಗೆ ಶುದ್ಧ ಬೇಸಿನ ಪಾಠ ಹೇಳಿದರು. ‘ನೀವೆಲ್ಲ ಇಷ್ಟು ದಿನ ಕೇಳಿದ್ದು ಬೇಸಲ್ಲ, ಗಲಾಟೆ. ನಿಜವಾದ ಬೇಸು ಮೈಮೇಲೆ ಬೀಳಲ್ಲ, ಬಂದು ಪಕ್ಕದಲ್ಲಿ ಕೂರುತ್ತೆ.’ ಟೈಲರ್ ಕೇಳಿದರು, ಯಜಮಾನಿ ಕೇಳಿದರು, ಹಾಲು ತರುವವನೂ ಸೈಕಲ್ ನಿಲ್ಲಿಸಿಕೊಂಡು ಕೇಳಿದ. ಇಡೀ ಪ್ರಪಂಚದಲ್ಲಿ ಆ ಪಾಠ ಹೇಳಿಸಿಕೊಳ್ಳದೆ ಉಳಿದವರು ಒಬ್ಬರೇ, ಮೇಸ್ತ್ರಿಯ ಬಾಮೈದ.

ಹೆಂಡತಿಯ ತಮ್ಮನಾದ ಈ ಬಾಮೈದ ಮೇಸ್ತ್ರಿಯ ಜೊತೆ ಕೆಲಸಕ್ಕೆ ಸೇರಿ, ಮದುವೆಯಾಗಿ, ಮಕ್ಕಳಾಗಿ, ಈಗ ಕೂದಲು ನೆರೆಯುವ ವಯಸ್ಸಿಗೆ ಬಂದಿದ್ದ. ಅಷ್ಟು ವರ್ಷಗಳಲ್ಲಿ ಅವರಿಬ್ಬರ ನಡುವೆ ಕೆಲಸದ ಬಗ್ಗೆ ನಡೆದ ಒಟ್ಟು ಮಾತು ಒಂದು ಪೋಸ್ಟ್ ಕಾರ್ಡಿನಲ್ಲಿ ಹಿಡಿಸುತ್ತಿತ್ತು. ‘ನೋಡಿ ಕಲಿ’ ಎಂಬುದು ಮೇಸ್ತ್ರಿಯ ವಿದ್ಯಾಪದ್ಧತಿ. ಹಿರಿಯರನ್ನು ಕೇಳಬಾರದು, ಹಿರಿಯರು ತಪ್ಪಿದರೆ ಆಡಿ ತೋರಿಸಬಾರದು ಎಂಬುದು ಬಾಮೈದನ ಮರ್ಯಾದೆ. ಆತ ನೋಡಿದ, ಕಲಿತ, ಚೆನ್ನಾಗಿಯೇ ಕಲಿತ. ಬೀದಿಗೆಲ್ಲ ಬಿಡಿಸಿ ಹೇಳಿದ ಸಂಗತಿಯನ್ನು ಮನೆಯವನಿಗೆ ಬೇರೆ ಹೇಳಬೇಕೆಂದು ಮೇಸ್ತ್ರಿಗೆ ಹೊಳೆಯಲೇ ಇಲ್ಲ.

ಪೆಟ್ಟಿಗೆ ಎದ್ದು ನಿಂತಿತು. ಗೆಣ್ಣಿನಲ್ಲಿ ಕುಟ್ಟಿದರೆ ಬಂಡೆ ಕುಟ್ಟಿದಂತೆ ಟಕ್ಕೆನ್ನುತ್ತಿತ್ತು. ಮೇಸ್ತ್ರಿ ತಾವೇ ಕೂತು ತಂತಿ ಜೋಡಿಸಿದರು, ಬೆನ್ನು ತೋರಿಸುವ ಸ್ಪೀಕರಿಗೆ ಬಹಳ ಜಾಗ್ರತೆಯಿಂದ ಜೋಡಿಸಿದರು. ಅದರ ಮೇಲೆ ಕಪ್ಪು ಬಟ್ಟೆ ಹೊದಿಸಿದ ಕಬ್ಬಿಣದ ಜಾಲರಿ ಕೂರಿಸಿ ತಿರುಪು ಬಿಗಿಯುವ ಕೆಲಸವನ್ನು ಬಾಮೈದನಿಗೆ ಬಿಟ್ಟು ಊಟಕ್ಕೆ ಎದ್ದರು.

ಸಂಜೆ ಪರೀಕ್ಷೆ. ಸ್ಟೂಲಿನ ಮೇಲೆ ಟೈಲರ್, ಕುರ್ಚಿಯಲ್ಲಿ ಯಜಮಾನಿ, ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ಹೆಂಡತಿ, ಮೂಲೆಯಲ್ಲಿ ತಲೆ ತಗ್ಗಿಸಿಕೊಂಡು ಬಾಮೈದ. ಎರಡು ಸಣ್ಣ ಸ್ಪೀಕರುಗಳ ನಡುವೆ ಹೊಸ ಪೆಟ್ಟಿಗೆ ಮದುಮಗನಂತೆ ಕೂತಿತ್ತು. ಮೇಸ್ತ್ರಿ ಹಾಡು ಹಾಕಿದರು.

ಹಾಡು ಬಂತು. ಹಾಡುವವಳ ದನಿ ಬಂತು, ತಂತಿವಾದ್ಯ ಬಂತು, ಕಿಣಿಕಿಣಿ ಬಂತು. ಢಂ ಬರಲಿಲ್ಲ.

ಮೇಸ್ತ್ರಿ ಆಂಪ್ಲಿಫೈಯರಿನ ತಿರುಗಣೆ ಏರಿಸಿದರು. ಮುಖ ತೋರಿಸುತ್ತಿದ್ದ ಸ್ಪೀಕರಿನ ಕೋನ್ ಕಪ್ಪೆಯ ಗಂಟಲಿನಂತೆ ಕುಣಿಯುತ್ತಿತ್ತು. ಅಂದರೆ ಪೆಟ್ಟಿಗೆ ದುಡಿಯುತ್ತಿದೆ. ಕೇಳುತ್ತಿಲ್ಲ ಅಷ್ಟೇ. ಅವರು ಮೆಲ್ಲಗೆ ತಿರುಗಿ ಉಳಿದವರ ಮುಖ ನೋಡಿದರು.

ಟೈಲರ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ‘ಆಹಾ! ಎಷ್ಟು ಶುದ್ಧವಾಗಿದೆ ಮೇಸ್ತ್ರಿ! ಇದೆಯೋ ಇಲ್ಲವೋ ಅನ್ನೋ ಹಾಗಿದೆ!’

ಯಜಮಾನಿ ಸೀಟಿಯ ದಾರ ಬೆರಳಿಗೆ ಸುತ್ತಿಕೊಂಡು, ‘ಇದು... ಬರ್ತಿದೆ ಅಲ್ವಾ ಮೇಸ್ತ್ರಿ?’ ಎಂದರು.

ಮೇಸ್ತ್ರಿ ತಿರುಗಣೆಯ ಮೇಲಿಂದ ಕೈ ತೆಗೆದರು. ಎಲ್ಲರಿಗೂ ಕೇಳುತ್ತಿದೆ. ತನಗೊಬ್ಬನಿಗೇ ಕೇಳುತ್ತಿಲ್ಲ.

‘ಬರ್ತಿದೆ, ಬರ್ತಿದೆ’ ಎಂದರು. ಎಂದಮೇಲೆ ತಮ್ಮ ಮುಖದ ಮೇಲೆ ಏನೋ ಹರಡಿಕೊಂಡಂತಾಯಿತು. ಅದು ಅಪ್ಪನ ಮುಗುಳ್ನಗೆ.

‘ನೀವು ಮಾಡಿದ್ರಲ್ಲಿ ಇದೊಂದು ಚೆನ್ನಾಗಿದೆ ನೋಡಿ’ ಎಂದಳು ಹೆಂಡತಿ. ‘ತಲೆ ನೋಯಿಸಲ್ಲ.’

ಅಂದಿನಿಂದ ಮೇಸ್ತ್ರಿ ತಮ್ಮ ಕಿವಿಯ ಮೇಲೆ ತಾವೇ ಗೂಢಚಾರಿಕೆ ನಡೆಸತೊಡಗಿದರು. ಹೋಲಿಸಿ ನೋಡೋಣವೆಂದರೆ ಮನೆಯಲ್ಲಿ ಒಂದೂ ಹಳೆಯ ಪೆಟ್ಟಿಗೆ ಇರಲಿಲ್ಲ, ಮಾಡಿದವೆಲ್ಲ ಊರವರ ಮನೆಯಲ್ಲಿ ಢಂ ಎನ್ನುತ್ತಿದ್ದವು. ಬಸ್ ನಿಲ್ದಾಣಕ್ಕೆ ಹೋಗಿ ಬಸ್ಸಿನ ಹಿಂದೆ ನಿಂತರು. ಗುರುಗುರು ಕೇಳಿತು. ಆದರೆ ಕೇಳಿದ್ದು ಕಿವಿಗೋ ಅಂಗಾಲಿಗೋ ತೀರ್ಮಾನವಾಗುವ ಮೊದಲೇ ಬಸ್ಸು ಮುಖಕ್ಕೆ ಹೊಗೆ ಬಿಟ್ಟು ಹೊರಟುಹೋಯಿತು. ಹೆಂಡತಿ ಒಳಗಿನಿಂದ ‘ಉಪ್ಪು ಸಾಕಾ?’ ಎಂದರೆ ಕೇಳುತ್ತಿತ್ತು. ಸರಿ, ಹೆಂಡತಿಯ ದನಿ ಮೇಲಿನ ಸ್ವರ, ಅದು ಇರುತ್ತದೆ, ಹೋಗಿರುವುದು ಕೆಳಗಿನದು. ಭಯ ಹೊಕ್ಕ ತಲೆಗೆ ಪುರಾವೆಗಳಿಗೇನು ಬರವೇ?

ಎಲ್ಲಕ್ಕಿಂತ ಬಲವಾದ ಪುರಾವೆ ಒದಗಿಸಿದವನು ಬಾಮೈದ. ಪರೀಕ್ಷೆಯ ದಿನದಿಂದ ಆತ ಮೇಸ್ತ್ರಿಯ ಹತ್ತಿರ ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ಮುಖದ ಮುಂದೆ ಬಂದು ಆಡತೊಡಗಿದ್ದ.

‘ಭಾವ. ಸುತ್ತಿಗೆ. ಇಲ್ಲೇ. ಇಟ್ಟಿದ್ದೀನಿ.’

‘ಕಾಣ್ತಿದೆ ಮಾರಾಯ.’

‘ಗರಗಸದ ಹತ್ರ ನೀವು ಹೋಗ್ಬೇಡಿ ಭಾವ. ನಾನಿದ್ದೀನಲ್ಲ. ನೀವು ಸುಮ್ನೆ ಕೂತ್ಕೊಳ್ಳಿ.’

ಕೂತ ಮೇಸ್ತ್ರಿಗೆ ಇವನಿಗೆ ಗೊತ್ತಾಗಿಹೋಗಿದೆ ಎನ್ನಿಸಿತು. ಗೊತ್ತಾಗಿಯೂ ಹೇಳದೆ ಮರ್ಯಾದೆ ಕಾಯುತ್ತಿದ್ದಾನೆ. ಆ ಮರ್ಯಾದೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕಣ್ಣು ಹೋದ ಟೈಲರ್ ಕನ್ನಡಕ ಹಾಕಿ ಬಟ್ಟೆ ಹೊಲಿಯಬಹುದು. ಕಿವಿ ಹೋದ ಢಂ ಮೇಸ್ತ್ರಿ ಏನು ಮಾಡಬೇಕು? ಮತ್ತೆ ಕಪಾಟು. ಬಟ್ಟೆ ಇಡುವ ಕಪಾಟು.

ಪೆಟ್ಟಿಗೆಯನ್ನು ಸ್ಕೇಟಿಂಗ್ ಶೆಡ್ಡಿಗೆ ಸಾಗಿಸುವ ದಿನ ಬಂತು. ಮೇಸ್ತ್ರಿಗೆ ಜೊತೆಗೆ ಹೋಗುವ ಧೈರ್ಯವಾಗಲಿಲ್ಲ. ‘ನೀನೇ ಹೋಗಿ ಕೂರಿಸಿ ಬಾ. ನನಗೆ ಬ್ಯಾಂಕಲ್ಲಿ ಕೆಲಸ ಇದೆ’ ಎಂದು ಬಾಮೈದನನ್ನು ಗಾಡಿ ಹತ್ತಿಸಿದರು. ಹೆಂಡತಿಗೂ ಬ್ಯಾಂಕೆಂದೇ ಹೇಳಿ, ಒಗೆದ ಅಂಗಿ ತೊಟ್ಟು, ಕಿವಿ ಡಾಕ್ಟರರ ಮೆಟ್ಟಿಲು ಹತ್ತಿದರು. ಬ್ಯಾಂಕಿಗೆ ಹೋಗುವವರು ಕಿವಿಯನ್ನು ಸೋಪು ಹಾಕಿ ಯಾಕೆ ತೊಳೆದುಕೊಂಡರು ಎಂದು ಆಕೆ ಕೇಳಲಿಲ್ಲ.

ಕಿವಿ ಡಾಕ್ಟರ್ ಕಿರಿಯ ವಯಸ್ಸಿನ ಹೆಂಗಸು. ಮೇಸ್ತ್ರಿಯನ್ನು ಕಪಾಟಿಗಿಂತ ಸ್ವಲ್ಪ ದೊಡ್ಡದಾದ ಕೋಣೆಯೊಳಗೆ ಕೂರಿಸಿದರು. ಗೋಡೆಗೆಲ್ಲ ಮೆತ್ತನೆಯ ಬೂದುಬಣ್ಣದ ಹೊದಿಕೆ. ಪ್ರಾಣಸಂಕಟದಲ್ಲೂ ಮೇಸ್ತ್ರಿಯ ಗೆಣ್ಣು ತಾನಾಗಿ ಮೇಲೆದ್ದು ಗೋಡೆ ಕುಟ್ಟಿತು.

‘ಒಳಗೆ ಏನು ತುಂಬಿಸಿದ್ದೀರಿ ಮೇಡಂ? ಹಲಗೆ ಜೋಡಿ ಹಾಕಿದ್ದಾರಾ?’

‘ಗೋಡೆ ಪರೀಕ್ಷೆ ಆಮೇಲೆ ಮಾಡೋಣ ಸರ್. ಮೊದಲು ನಿಮ್ಮದು. ಸದ್ದು ಕೇಳಿದ ತಕ್ಷಣ ಈ ಗುಂಡಿ ಒತ್ತಿ, ಅಷ್ಟೇ.’

ಬಾಗಿಲು ಮುಚ್ಚಿತು. ಕಿವಿಗೆ ಹೆಡ್‌ಫೋನು. ಸಣ್ಣ ಸದ್ದುಗಳು ಒಂದರ ಹಿಂದೊಂದು ಬಂದವು. ಸೊಳ್ಳೆಯಂಥದ್ದು, ಹಕ್ಕಿಯಂಥದ್ದು, ದೂರದ ಹಾರ್ನಿನಂಥದ್ದು. ಮೇಸ್ತ್ರಿ ಒತ್ತಿದರು. ಆಮೇಲೆ ಸದ್ದು ಇಳಿಯುತ್ತ ಇಳಿಯುತ್ತ ಹೋಯಿತು. ಎಲ್ಲೋ ಕೆಳಗೆ, ಪಕ್ಕದ ಮನೆಯ ಬೆಕ್ಕು ಗೋಡೆಯಾಚೆ ಗುರುಗುಟ್ಟಿದ ಹಾಗೆ ಒಂದು ಹೂಂಕಾರ. ಕೇಳಿತೋ, ಕೇಳಬೇಕೆಂಬ ಆಸೆಯೋ? ಒತ್ತಿದರು. ಇನ್ನೂ ಕೆಳಗೆ, ಇನ್ನೂ ಸಣ್ಣಗೆ. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಒತ್ತಿದರು. ಬಾಗಿಲು ತೆರೆದಾಗ ಒಗೆದ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

‘ನಿಮಗೆ ಏನು ತೊಂದರೆ ಅಂದ್ರಿ?’ ಡಾಕ್ಟರ್ ಕೇಳಿದರು.

‘ಬೇಸ್ ಕೇಳಲ್ಲ ಮೇಡಂ. ಕೆಳಗಿನ ಸ್ವರ. ನಮ್ಮಪ್ಪಂಗೂ ಹಾಗೇ ಆಗಿ...’

‘ಮೇಲಿನ ಸಣ್ಣ ಸ್ವರಗಳು ವಯಸ್ಸಿಗೆ ತಕ್ಕ ಹಾಗೆ ಚೂರು ಇಳಿದಿವೆ. ಅದು ನಿಮ್ಮ ವಯಸ್ಸಿನ ಎಲ್ಲರಿಗೂ ಇರುತ್ತೆ. ಕೆಳಗಿನದು ಏನೂ ಆಗಿಲ್ಲ. ನಾನು ಎಷ್ಟು ಸಣ್ಣಗೆ ಕಳಿಸಿದ್ರೂ ಬಿಡದೆ ಗುಂಡಿ ಒತ್ತಿದ್ದೀರಲ್ಲ.’

‘ಊಹಿಸಿ ಒತ್ತಿರಬಹುದು...’

‘ನಡುನಡುವೆ ಸದ್ದೇ ಕಳಿಸದೆ ಸುಮ್ನಿದ್ದೆ. ಆಗ ನೀವು ಒತ್ತಲೇ ಇಲ್ಲ. ಕೆಳಗಿನ ಸ್ವರ ನಿಮಗೆ ಚೆನ್ನಾಗೇ ಕೇಳುತ್ತೆ.’

ಇಷ್ಟು ದಿನ ತಲೆಯ ಮೇಲೆ ಹೊತ್ತಿದ್ದ ಮಂಚವನ್ನು ಯಾರೋ ಇಳಿಸಿಕೊಂಡಂತಾಗಿ ಮೇಸ್ತ್ರಿಯ ಕುತ್ತಿಗೆ ಹಗುರಾಯಿತು. ಮರುಕ್ಷಣ ಕುರ್ಚಿ ಬಿಟ್ಟು ಜಿಗಿದೆದ್ದರು.

‘ಹಾಗಾದ್ರೆ ಡಬ್ಬ ಕೆಟ್ಟಿದೆ!’

‘ಯಾವ ಡಬ್ಬ ಸರ್?’

‘ನಂದೇ ಮೇಡಂ! ನಾನೇ ಮಾಡಿದ್ದು! ಅದರಲ್ಲಿ ಬೇಸೇ ಇಲ್ಲ!’ ಮೊಮ್ಮಗ ಹುಟ್ಟಿದ ಸುದ್ದಿ ಹೇಳುವಂತೆ ಹೇಳಿ, ಕೈಮುಗಿದು, ಮೆಟ್ಟಿಲಿಳಿದು ಓಡಿದರು. ತಮ್ಮ ಕೈಕೆಲಸ ಹಾಳಾಗಿದೆಯೆಂದು ಇಷ್ಟು ಸಂತೋಷಪಟ್ಟ ಕಸಬುದಾರ ಆ ಬೀದಿಯಲ್ಲಿ ಹಿಂದೆ ಓಡಿದ್ದಿಲ್ಲ. ದಾರಿಯಲ್ಲಿ ಆಟೋದ ಪಟಪಟ, ಯಾರದೋ ಮನೆಯ ಮಿಕ್ಸಿಯ ಗೊರಗೊರ, ಲಾರಿಯ ಹೊಟ್ಟೆಯೊಳಗಿನ ಗುಡುಗುಡು ಎಲ್ಲವೂ ಅವರಿಗಾಗಿಯೇ ಏರ್ಪಡಿಸಿದ ಸಂಗೀತ ಕಚೇರಿಯಂತೆ ಕೇಳಿದವು.

ಸ್ಕೇಟಿಂಗ್ ಶೆಡ್ಡಿನಲ್ಲಿ ಬೆಂಚಿನ ಪಕ್ಕ ಪೆಟ್ಟಿಗೆ ಕೂತಿತ್ತು. ಹಾಡು ಬರುತ್ತಿತ್ತು. ಮಕ್ಕಳು ಒಬ್ಬೊಬ್ಬರು ಒಂದೊಂದು ತಾಳಕ್ಕೆ ಕಾಲು ಹಾಕುತ್ತಿದ್ದರು. ಯಜಮಾನಿ ಎದ್ದು ಬಂದರು. ‘ಬನ್ನಿ ಮೇಸ್ತ್ರಿ. ತುಂಬ... ತುಂಬ ಶುದ್ಧವಾಗಿದೆ.’

‘ಶುದ್ಧ ಅಲ್ಲ ಮೇಡಂ. ಖಾಲಿ. ಒಂಚೂರೂ ಬೇಸಿಲ್ಲ.’

ಯಜಮಾನಿಯ ಮುಖ ಅರಳಿಹೋಯಿತು. ‘ಇಲ್ಲ ತಾನೆ? ಅಯ್ಯೋ ಪುಣ್ಯಾತ್ಮರೇ! ನನಗೆ ಅವತ್ತೇ ಅನ್ನಿಸಿತ್ತು. ನೀವೇ ಬರ್ತಿದೆ ಅಂದ್ಮೇಲೆ ಇನ್ನೇನು, ನನ್ನ ಕಿವಿಗೇ ಶುದ್ಧ ಸಂಗೀತ ಕೇಳೋ ಯೋಗ್ಯತೆ ಇಲ್ಲ ಅನ್ಕೊಂಡು ಸುಮ್ನಾದೆ.’

ಮೇಸ್ತ್ರಿ ಜೇಬಿನಿಂದ ಟಾರ್ಚಿನ ಒಂದು ಸೆಲ್ ತೆಗೆದರು. ಈ ಕಸಬಿನವರು ಸ್ಪೀಕರಿನ ನಾಡಿ ಹಿಡಿಯುವುದು ಹೀಗೆಯೇ: ತಂತಿಗೆ ಸೆಲ್ ಮುಟ್ಟಿಸಿದರೆ ಕೋನ್ ಒಂದು ಕಡೆಗೆ ಪುಟಕ್ಕನೆ ಹಾರುತ್ತದೆ, ಯಾವ ಕಡೆಗೆ ಎಂಬುದರಲ್ಲಿ ಎಲ್ಲ ಇದೆ. ‘ಜಾಲರಿ ಬಿಚ್ಚು’ ಎಂದರು ಬಾಮೈದನಿಗೆ.

ಬಾಮೈದ ಜಾಲರಿಗೆ ಅಡ್ಡ ನಿಂತ. ‘ಭಾವ, ಬೇಡ. ನೀವು ಸುಸ್ತಾಗಿದ್ದೀರಿ. ಕೂತ್ಕೊಳ್ಳಿ.’

‘ನಾನು ಜನ್ಮದಲ್ಲಿ ಇಷ್ಟು ಗಟ್ಟಿಮುಟ್ಟಾಗಿ ಇರ್ಲಿಲ್ಲ. ಬಿಚ್ಚೋ!’

ಜಾಲರಿ ಬಂತು. ಮೇಸ್ತ್ರಿ ಪೆಟ್ಟಿಗೆಯ ತಂತಿಗೆ ಸೆಲ್ ಮುಟ್ಟಿಸಿದರು. ಮುಖ ತೋರಿಸುವ ಸ್ಪೀಕರಿನ ಕೋನ್ ಅವರ ಕಡೆಗೆ ಹಾರಿತು. ಬೆನ್ನು ತೋರಿಸುವುದರದು ಒಳಕ್ಕೆ ಹೋಯಿತು. ಇನ್ನೊಮ್ಮೆ ಮುಟ್ಟಿಸಿದರು. ಇದು ಬಂತು, ಅದು ಹೋಯಿತು. ಇಬ್ಬರೂ ಸೇರಿ ಗಾಳಿಯನ್ನು ಹೊರಗೆ ತಳ್ಳಬೇಕಾದ ಕಡೆ, ಒಬ್ಬ ತಳ್ಳಿದ್ದನ್ನು ಇನ್ನೊಬ್ಬ ನುಂಗುತ್ತಿದ್ದ. ಇನ್ನು ಬೇಸೆಲ್ಲಿಂದ ಬರಬೇಕು? ಬಗ್ಗಿ ನೋಡಿದರೆ ಕೆಂಪು ತಂತಿ ಕೆಂಪು ಗುರುತಿನ ಮೊಳೆಗೆ, ಕಪ್ಪು ತಂತಿ ಕಪ್ಪಿಗೆ, ಅಚ್ಚುಕಟ್ಟಾಗಿ ಬೆಸೆದಿತ್ತು.

‘ನಾನು ಕೆಂಪನ್ನ ಕಪ್ಪಿಗೆ ಹಾಕಿದ್ದೆನಲ್ಲ!’ ಎಂದರು ಮೇಸ್ತ್ರಿ. ‘ತಿರುಗಿ ಕೂತಿರೋನಿಗೆ ತಂತೀನೂ ತಿರುಗಿಸಬೇಕು. ಇಲ್ದಿದ್ರೆ ಒಬ್ಬ ಮುಂದೆ ಒಬ್ಬ ಹಿಂದೆ. ಯಾರು ಬದಲಾಯಿಸಿದ್ದು?’

ಬಾಮೈದ ನೆಲ ನೋಡಿದ. ‘ನಾನೇ ಭಾವ. ಸರಿ ಮಾಡಿದೆ.’

‘ಸರಿ ಮಾಡಿದೆಯಾ?’

‘ಜಾಲರಿ ಹಾಕುವಾಗ ನೋಡಿದೆ. ಕೆಂಪು ಕಪ್ಪಿಗಿತ್ತು. ಇಷ್ಟು ವರ್ಷದಲ್ಲಿ ನೀವು ಒಂದು ಸಲವೂ ಹಾಗೆ ಮಾಡಿದ್ದಿಲ್ಲ. ಭಾವಂಗೆ ಮರೆವು ಶುರುವಾಯ್ತು ಅನ್ಕೊಂಡೆ.’ ಆತನ ದನಿ ಸಣ್ಣಗಾಯಿತು. ‘ನಿಮ್ಗೆ ಗೊತ್ತಾದ್ರೆ ನೊಂದ್ಕೋತೀರಿ ಅಂತ ಹೇಳ್ದೆ ಬದಲಾಯಿಸಿ ಮುಚ್ಚಿಬಿಟ್ಟೆ. ಅಕ್ಕಂಗೆ ಹೇಗೆ ತಿಳಿಸೋದು ಅಂತ ಅವತ್ತಿಂದ ಊಟ ಸೇರಿಲ್ಲ ಭಾವ.’

‘ಅದಕ್ಕೇನಾ, “ಸುತ್ತಿಗೆ, ಇಲ್ಲೇ, ಇಟ್ಟಿದ್ದೀನಿ” ಅಂತಿದ್ದಿದ್ದು?’

‘ಬಿಡಿಸಿ ಹೇಳಿದ್ರೆ ನೆನಪಿರುತ್ತೆ ಅಂತ.’

ಮೇಸ್ತ್ರಿ ಸೆಲ್ ಹಿಡಿದುಕೊಂಡೇ ಬೆಂಚಿನ ಮೇಲೆ ಕುಸಿದು ನಗತೊಡಗಿದರು. ‘ನಾನು ಕಿವುಡ ಆಗಿದ್ದೀನಿ, ಅದು ನಿನಗೆ ಗೊತ್ತಾಗಿದೆ ಅನ್ಕೊಂಡಿದ್ದೆನಲ್ಲೋ! ಈಗ ಕಿವಿ ಡಾಕ್ಟರ ಹತ್ರ ಹೋಗಿ ಬರ್ತಿದ್ದೀನಿ.’

‘ಬ್ಯಾಂಕು?’

‘ಬ್ಯಾಂಕಿನ ಮನೆ ಹಾಳಾಗ್ಲಿ! ಒಂದು ಮಾತು ಕೇಳ್ಬಾರ್ದಿತ್ತೇನೋ, ತಂತಿ ಯಾಕೆ ಹೀಗಿದೆ ಅಂತ?’

‘ಕೇಳಿದ್ರೆ ನೀವು “ನೋಡಿ ಕಲಿ” ಅಂತೀರಿ’ ಎಂದ ಬಾಮೈದ. ‘ನೋಡಿದೆ.’

ಇಡೀ ಬೀದಿಗೆ ಹೇಳಿದ ಪಾಠವನ್ನು ಮೇಸ್ತ್ರಿ, ಸ್ಕೇಟಿಂಗ್ ಬೂಟುಗಳ ಗರಗರದ ನಡುವೆ ನೆಲದ ಮೇಲೆ ಕೂತು, ಅಂದು ಬಾಮೈದನಿಗೆ ಮೊದಲ ಬಾರಿಗೆ ಹೇಳಿದರು. ಮುಖದವನು ಹೇಗೆ, ಬೆನ್ನಿನವನು ಹೇಗೆ, ತಂತಿ ಯಾಕೆ ಅಡ್ಡಹಾಯಬೇಕು ಎಂದೆಲ್ಲ. ಆತ ನಾಲ್ಕು ಪ್ರಶ್ನೆ ಕೇಳಿದ. ನಾಲ್ಕನೆಯದಕ್ಕೆ ಮೇಸ್ತ್ರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಬೆಸುಗೆ ಬಿಚ್ಚಿ ತಂತಿ ಬದಲಾಯಿಸಿದ್ದು ಬಾಮೈದನೇ. ಅವನ ಮುಖದಲ್ಲಿ ಆಗಲೇ ಹಸಿವು ಕಾಣುತ್ತಿತ್ತು.

‘ಹಾಕಿ ಮೇಡಂ’ ಎಂದರು ಮೇಸ್ತ್ರಿ.

ಯಜಮಾನಿ ಹಾಡು ಹಾಕಿದರು. ಬೇಸು ಬಂತು. ಅದು ಕೂಗಿಕೊಂಡು ಬರಲಿಲ್ಲ, ಹೊಟ್ಟೆಗೂ ಗುದ್ದಲಿಲ್ಲ. ನೆಲದೊಳಗಿನಿಂದ ಯಾರೋ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟಂತೆ ದುಂಡಗೆ, ತೂಕವಾಗಿ, ತಾಳಕ್ಕೆ ಸರಿಯಾಗಿ ಬಂತು. ಬೆಂಚು ಸಣ್ಣಗೆ ನಡುಗಿತು. ಚದುರಿ ಹೋಗಿದ್ದ ಮಕ್ಕಳ ಕಾಲುಗಳು ಒಂದರ ಹಿಂದೊಂದು ತಾಳ ಹಿಡಿದವು. ಒಂದು ಸುತ್ತು ಮುಗಿಯುವುದರಲ್ಲಿ ಇಡೀ ಶೆಡ್ಡು ಒಟ್ಟಿಗೆ ಎಡಕ್ಕೂ ಬಲಕ್ಕೂ ವಾಲುತ್ತಿತ್ತು. ಬಾಮೈದ ಬೆನ್ನು ತೋರಿಸುವ ಸ್ಪೀಕರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಚೌಕಟ್ಟಿನ ಕಂಬಿಗಳ ಸಂದಿನಲ್ಲಿ ಇಣುಕಿ, ‘ಎರಡೂ ಒಟ್ಟಿಗೆ ಬರ್ತಿವೆ ಭಾವ! ಒಟ್ಟಿಗೆ ಬರ್ತಿವೆ!’ ಎಂದು ಕೂಗುತ್ತಿದ್ದ.

ಯಜಮಾನಿಗೆ ಖುಷಿ ತಡೆಯಲಾಗಲಿಲ್ಲ. ತಿರುಗಣೆಯನ್ನು ಇನ್ನಷ್ಟು, ಮತ್ತಷ್ಟು ಏರಿಸಿದರು. ತಗಡಿನ ಸೂರು ಗುಂಯ್ ಎಂದಿತು.

ಮೇಸ್ತ್ರಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

‘ಸ್ವಲ್ಪ ಕಮ್ಮಿ ಮಾಡಿ ಮೇಡಂ!’ ಎಂದು ಕೂಗಿದರು, ಹಿರಿಹಿರಿ ಹಿಗ್ಗುತ್ತ. ‘ಇಲ್ಲಿ ಕಿವಿ ಕೇಳಿಸೋರು ಕೂತಿದ್ದೀವಿ!’